ಗರಿಯ ಕಟ್ಟು, ಚಿಂದಿಯ ಕಟ್ಟು

ಚಳ್ಳಕೆರೆಯಲ್ಲಿ ನಾರುಬೇರಿನ ವ್ಯಾಪಾರ ಶುರು ಮಾಡಿದಾಗ ನನ್ನ ಬಳಿ ಇದ್ದದ್ದು ಒಂದು ತಕ್ಕಡಿ, ಒಂದು ನಾಲಿಗೆ. ಗಿಡ ಗುರುತಿಸುವುದನ್ನು ಕಲಿಸಿದವಳು ಬಿ.ಜಿ. ಕೆರೆ ಕಡೆಯ ಮುದುಕಿ. ಮಳೆಗಾಲದಲ್ಲಿ ಹೊಲದ ಬದುಗಳಲ್ಲಿ ನೆಲನೆಲ್ಲಿ ಕಿತ್ತು, ಕಂತೆ ಕಟ್ಟಿ ನನ್ನ ಮಂಡಿಗೆ ತರುತ್ತಿದ್ದಳು.

ಆ ಸಲ ಔಷಧಿ ಕಂಪನಿಯವರು ಹೊಸ ಷರತ್ತು ಹಾಕಿದರು. ಚೀಲದ ಮೇಲೆ ಗಿಡದ ವೈಜ್ಞಾನಿಕ ಹೆಸರು, ಕುಟುಂಬ ಬರೆಯಬೇಕು. ಕಿತ್ತವರ ಪಟ್ಟಿಯನ್ನೂ ಕೊಡಬೇಕು. ಸರಕು ಬರುವ ಮೊದಲೇ ನಾನು ‘ಫಿಲಾಂಥಸ್ ಅಮಾರಸ್, ಫಿಲಾಂಥೇಸಿ’ ಎಂದು ಲೇಬಲ್ ಅಚ್ಚು ಹಾಕಿಸಿಬಿಟ್ಟೆ.

ಮುದುಕಿ ಕಂತೆ ಇಳಿಸಿದಳು. ಕೆಲವನ್ನು ಈಚಲು ಗರಿಯಲ್ಲಿ ಕಟ್ಟಿದ್ದಳು, ಕೆಲವನ್ನು ಸೀರೆಯ ಚಿಂದಿಯಲ್ಲಿ.

“ಸಾವ್ಕಾರ, ಗರಿ ಕಟ್ಟಿದ್ದೇ ಬ್ಯಾರೆ, ಚಿಂದಿ ಕಟ್ಟಿದ್ದೇ ಬ್ಯಾರೆ. ಬೆರಸಬ್ಯಾಡ ಕಣಪ್ಪ.”

“ಎರಡೂ ನೆಲನೆಲ್ಲಿನೇ ಅಲ್ವೇನಜ್ಜಿ? ಕಾಯಿ ನೋಡು, ಒಂದೇ ತರ ಐತೆ.”

“ನೀನೂ ನಿನ್ನ ತಮ್ಮನೂ ಒಂದೇ ತರ ಅದೀರಿ. ಇಬ್ರೂ ಒಂದೇನಾ ಅಂತ ನಿಮ್ಮವ್ವನ್ನ ಕೇಳೋಗು.”

ನಕ್ಕುಬಿಟ್ಟೆ. ಅವಳು ಬಸ್ಸಿಗೆ ಹೋದ ಮೇಲೆ ಕಟ್ಟುಗಳನ್ನೆಲ್ಲ ಕೊಯ್ದು ಒಂದೇ ಟಾರ್ಪಾಲಿನ ಮೇಲೆ ಒಣಹಾಕಿದೆ. ಎರಡು ಕಡೆ ಹರಡಲು ಜಾಗ ಬೇಕು, ಆಳು ಬೇಕು. ಉಳಿತಾಯ ಅಂದುಕೊಂಡೆ.

ಕಂಪನಿಯಿಂದ ಸಸ್ಯಶಾಸ್ತ್ರ ಓದಿದ ಮೇಡಂ ಬಂದು ಕಾಯಿ ಒಡೆದು ಭೂತಗನ್ನಡಿ ಹಿಡಿದರು.

“ಈ ಬೀಜದ ಮೇಲೆ ಗೆರೆ ಇದೆ, ಇದರ ಮೇಲೆ ಚುಕ್ಕಿ ಸಾಲು. ಕುಟುಂಬ ಒಂದೇ, ಕುಲವೂ ಒಂದೇ, ಪ್ರಭೇದ ಬೇರೆ. ನಮಗೆ ಗೆರೆಯದ್ದು ಮಾತ್ರ ಬೇಕು. ಯಾರ್ರೀ ಬೆರೆಸಿದ್ದು?”

“ಕಿತ್ತೋಳು ವಯಸ್ಸಾದೋಳು ಮೇಡಂ. ಅವಳಿಗೇನು ಗೊತ್ತಾಗುತ್ತೆ?”

ಹೇಳಿ ತಿರುಗಿದರೆ ಬಾಗಿಲಲ್ಲಿ ಅವಳೇ, ತಲೆಯ ಮೇಲೆ ಹೊಸ ಹೊರೆ. ಮೇಡಂ ಪಟ್ಟಿಯಲ್ಲಿ ಅವಳ ಹೆಸರು ಹೊಡೆದುಹಾಕಿದರು. ನಾನು ತಕ್ಕಡಿ ಒರೆಸತೊಡಗಿದೆ. ಅವಳು ಹೊರೆ ಇಳಿಸಲಿಲ್ಲ.

ಈ ವ್ಯಾಪಾರಕ್ಕೆ ಬರುವವರಿಗೆ ಹೇಳುತ್ತೇನೆ: ಲೇಬಲ್ ಆಮೇಲೆ ಬರೆಯಿರಿ, ಮೊದಲು ಕಟ್ಟು ನೋಡಿ.

ಮರುವರ್ಷ ನಾನೂ ಭೂತಗನ್ನಡಿ ಕೊಂಡೆ. ನೆಲನೆಲ್ಲಿಯನ್ನು ಮೊದಲು ಹರಳೆಣ್ಣೆ ಗಿಡದ ಕುಟುಂಬಕ್ಕೆ ಸೇರಿಸಿದ್ದರು, ಈಗ ಬೇರೆ ಮಾಡಿದ್ದಾರೆ ಎಂಬುದನ್ನೂ ಓದಿಕೊಂಡೆ. ಆದರೆ ಚೀಲಗಟ್ಟಲೆ ಕಾಯಿ ಒಡೆದು ನೋಡಲಾದೀತೆ? ಅಜ್ಜಿ ಎಲೆ ಸವರಿಯೇ ಯಾವುದು ಯಾವುದೆಂದು ಹೇಳುತ್ತಿದ್ದಳು. ಎರಡು ಗಿಡ ಹಿಡಿದು ಬಿ.ಜಿ. ಕೆರೆಗೆ ಹೋದೆ. ಅಜ್ಜಿ ಜಗಲಿಯ ಮೇಲೆ ಶೇಂಗಾ ಸುಲಿಯುತ್ತಿದ್ದಳು.

“ಯಾವ ಗುರುತು ನೋಡಿ ಬ್ಯಾರೆ ಮಾಡ್ತಿದ್ದೆ? ಒಂದ್ಸಲ ಹೇಳಿಕೊಡಜ್ಜಿ.”

ಅವಳ ಕೈ ತಾನಾಗಿಯೇ ಒಂದು ಗಿಡದತ್ತ ಚಾಚಿತು. ಅಲ್ಲೇ ನಿಂತಿತು.

“ನಂಗೇನು ಗೊತ್ತಾಗುತ್ತೆ ಸಾವ್ಕಾರ?” ಎಂದು ಮತ್ತೆ ಶೇಂಗಾಕ್ಕೆ ಕೈ ಹಾಕಿದಳು.