ಪದಬಂಧದ ಪಾಠ

ಕಾಲೇಜಿನಲ್ಲಿ ಲೆಕ್ಚರರ್ ಆದ ನನಗೆ ಬೇಸಿಗೆ ರಜೆಯಲ್ಲಿದ್ದ ಒಂದೇ ಚಟ ಪೇಪರಿನ ಪದಬಂಧ. ಚಾಮರಾಜಪುರಂನ ನಮ್ಮ ಮನೆಯ ಮಹಡಿಗೆ ಬಾಡಿಗೆಗೆ ಬಂದ ನಿವೃತ್ತ ಮೇಷ್ಟ್ರು ಅದಕ್ಕೂ ಕಲ್ಲು ಹಾಕಿದರು. ನಾನು ಹಲ್ಲುಜ್ಜುವಷ್ಟರಲ್ಲಿ, ‘ಹೆಡ್ಡಿಂಗ್ ಅಷ್ಟೇ ನೋಡಿ ಕೊಡ್ತೀನಿ ಕಣ್ರೀ’ ಅಂತ ಪೇಪರ್ ಒಯ್ಯುತ್ತಿದ್ದರು. ವಾಪಸ್ ಬಂದಾಗ ಪದಬಂಧದ ಒಂದು ಚೌಕವೂ ಖಾಲಿ ಇರುತ್ತಿರಲಿಲ್ಲ.

ಒಂದು ದಿನ ಕೋಳಿಗಳನ್ನು ನಾನೇ ಎಬ್ಬಿಸಿ, ಗೇಟಿನಲ್ಲೇ ಪೇಪರ್ ಹಿಡಿದು, ಚೌಕಗಳಿಗೆಲ್ಲ ಬಾಯಿಗೆ ಬಂದ ಅಕ್ಷರ ತುಂಬಿ ಮೊದಲಿನಂತೆ ಮಡಿಸಿಟ್ಟೆ. ಉರಿದುಕೊಳ್ಳಲಿ ಮುದುಕ ಅಂತ.

ಮಧ್ಯಾಹ್ನ ಮೇಷ್ಟ್ರು ಇಳಿದು ಬಂದರು. ಮುಖದಲ್ಲಿ ಕೋಪವಿರಲಿಲ್ಲ, ಕನಿಕರವಿತ್ತು.

‘ನಿಮ್ಮ ಕನ್ನಡ ಇಷ್ಟು ವೀಕು ಅಂತ ಗೊತ್ತಿರಲಿಲ್ಲ ಕಣ್ರೀ. ನಾಳೆಯಿಂದ ಮೇಲೆ ಬನ್ನಿ, ಹೇಳಿಕೊಡ್ತೀನಿ.’

ಒಳಗಿನಿಂದ ನನ್ನ ಹೆಂಡತಿ, ‘ಕಳಿಸ್ತೀನಿ ಮೇಷ್ಟ್ರೇ’ ಅಂದಳು.

ರಜೆ ಮುಗಿಯುವವರೆಗೂ ದಿನಾ ನನ್ನದೇ ಪೇಪರ್ ಹಿಡಿದು ಮಹಡಿ ಹತ್ತಿದೆ. ಪೆನ್ಸಿಲ್ ಮಾತ್ರ ಅವರ ಕೈಯಲ್ಲೇ ಇರುತ್ತಿತ್ತು.