ಪೆನ್‌ಡ್ರೈವಿನಲ್ಲಿದ್ದ ಮುಖಗಳು

ಅತ್ತಿಗೆ, ಆ ಪೆನ್‌ಡ್ರೈವ್ ತಾನಾಗಿ ಕೆಟ್ಟದ್ದಲ್ಲ. ನಿಮ್ಮ ಕೈಯಿಂದ ಕೆಟ್ಟದ್ದೂ ಅಲ್ಲ. ಅದರಲ್ಲಿದ್ದ ಫೋಟೋಗಳನ್ನು ಅಳಿಸಿದವನು ನಾನು — ನಿಮ್ಮ ಮೈದುನ, ಜಗಳೂರಿನಲ್ಲಿ ಮಕ್ಕಳಿಗೆ ಕಂಪ್ಯೂಟರ್ ಪಾಠ ಹೇಳುವ ಮೇಷ್ಟ್ರು. ನಾಲ್ಕು ವರ್ಷ ಇದನ್ನು ನುಂಗಿಕೊಂಡಿದ್ದೆ. ದುಃಖ ಉಕ್ಕಿ ಬರುತ್ತಿದೆ ಎಂದು ಬರೆದರೆ ಅದೂ ಸುಳ್ಳಾಗುತ್ತದೆ. ಜೋಮು ಹಿಡಿದ ಕಾಲನ್ನು ಮುಟ್ಟಿ ನೋಡಿಕೊಂಡಂತೆ — ನನ್ನದೇ ಎಂದು ಗೊತ್ತು, ಏನೂ ಅನ್ನಿಸುವುದಿಲ್ಲ.

ನ್ಯಾಮತಿ ತಾಲ್ಲೂಕಾದ ಮೇಲೆ ನಿಮ್ಮ ಜೆರಾಕ್ಸ್ ಅಂಗಡಿಗೆ ಜನ ಹೆಚ್ಚಿದರು. ಚನ್ನಗಿರಿಯ ತವರಿನಿಂದ ತಂದ ನೀಲಿ ಸೀರೆಯನ್ನೇ ಪರದೆ ಮಾಡಿ, ಅರ್ಜಿಗೆ ಅಂಟಿಸುವ ಫೋಟೋ ನೀವೇ ತೆಗೆಯುತ್ತಿದ್ದಿರಿ. ತೆಗೆದದ್ದನ್ನೆಲ್ಲ ಊರಿನ ಹೆಸರು ಹಾಕಿ ಇಟ್ಟುಕೊಳ್ಳುತ್ತಿದ್ದಿರಿ. ಯಾರಾದರೂ ತೀರಿಕೊಂಡರೆ ಮನೆಯವರು ನಿಮ್ಮನ್ನೇ ಹುಡುಕಿಕೊಂಡು ಬರುವರು. ಸುತ್ತಲಿನ ಎಷ್ಟೋ ಮನೆಗಳಲ್ಲಿ ಹಾರ ಹಾಕಿಸಿಕೊಂಡಿರುವ ಫೋಟೋ, ಪಿಂಚಣಿ ಅರ್ಜಿಗೆಂದು ನಿಮ್ಮ ಸ್ಟೂಲಿನ ಮೇಲೆ ಕೂತು ತೆಗೆಸಿದ್ದೇ. ಕಂಪ್ಯೂಟರ್ ನಿಧಾನವಾಯಿತೆಂದಾಗ, ಫೋಟೋಗಳನ್ನೆಲ್ಲ ಪೆನ್‌ಡ್ರೈವಿಗೆ ಹಾಕಿ ಇಲ್ಲಿಂದ ತೆಗೆದುಬಿಡಿ ಎಂದವನೂ ನಾನೇ. ಪೆನ್‌ಡ್ರೈವ್ ನಾನೇ ತಂದುಕೊಟ್ಟೆ. ಅಂಥದ್ದೇ ಇನ್ನೊಂದನ್ನು ನನಗೂ ಕೊಂಡಿದ್ದೆ.

ಆಮೇಲೆ ಲಿನಕ್ಸ್ ಹುಚ್ಚು ಹಿಡಿಯಿತು. ಕಂಪ್ಯೂಟರ್ ನಡೆಸುವ ತಂತ್ರಾಂಶದ ಕಳ್ಳ ಕಾಪಿ ಯಾಕೆ, ಅದರ ಬದಲು ಬಿಟ್ಟಿಯಾಗಿ ಸಿಗುವ, ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ ಲಿನಕ್ಸ್ ಹಾಕಿಸಿಕೊಳ್ಳಿ ಎಂದು ನಿಮ್ಮ ತಲೆ ತಿಂದೆ. ಒಂದು ಭಾನುವಾರ ಬಂದು, ನಿಮ್ಮ ಕಂಪ್ಯೂಟರಿನಲ್ಲೇ ಅದನ್ನು ನನ್ನ ಪೆನ್‌ಡ್ರೈವಿಗೆ ಬರೆಯಲು ಕೂತೆ — ಆ ಪೆನ್‌ಡ್ರೈವಿನಿಂದಲೇ ಕಂಪ್ಯೂಟರ್ ಶುರು ಮಾಡಿ ತೋರಿಸುವ ಉತ್ಸಾಹ. ನಿಮ್ಮದೂ ಅಲ್ಲೇ ಸಿಕ್ಕಿಸಿತ್ತು. ತೆರೆಯ ಮೇಲೆ ಎರಡಕ್ಕೂ ಒಂದೇ ಹೆಸರು, ಒಂದೇ ಅಳತೆ. ಒಂದನ್ನು ಆರಿಸಿದೆ. ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಲೇ ಎಂದು ಅದು ಕೇಳಿತು. ಇಲ್ಲಿ ನಿಂತು ಓದಿ ಎಂದು ಮಕ್ಕಳಿಗೆ ಗಂಟಲು ಹರಿದುಕೊಳ್ಳುವವನು — ಓದದೆ ಒತ್ತಿದೆ. ನಿಮಗೆ ಲಿನಕ್ಸ್ ಕೊಡುವ ಸ್ವಾತಂತ್ರ್ಯದ ಬಗ್ಗೆ ಭಾಷಣ ಬಿಗಿಯುತ್ತಿದ್ದೆನಲ್ಲ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಬರೆದು ಮುಗಿದ ಮೇಲೆ ನೋಡಿದರೆ ನನ್ನದು ಖಾಲಿಯಾಗೇ ಇತ್ತು; ಲಿನಕ್ಸ್ ಹೋಗಿ ಕೂತದ್ದು ನಿಮ್ಮದರಲ್ಲಿ. ಅಷ್ಟರಲ್ಲಿ ನೀವು ಚಹಾ ತಂದು ಪಕ್ಕದಲ್ಲಿ ನಿಂತಿರಿ.

"ಸುರೇಶ, ಫೋಟೋ ಒಂದೂ ಕಾಣವಲ್ವಲ್ಲೋ?"

"ಸೇಫಾಗಿ ತೆಗೀರಿ ಅಂತ ಎಷ್ಟು ಸಲ ಹೇಳೀನಿ ಅತ್ತಿಗೆ? ಹಂಗೇ ಕಿತ್ತು ಕಿತ್ತು ಇಡ್ತೀರಿ. ಅದಕ್ಕೇ ಕೆಟ್ಟೈತೆ."

ಅಷ್ಟೇ ನಾನು ಆಡಿದ ಮಾತು. ನೀವು ನಿಮ್ಮ ಬೆರಳುಗಳನ್ನು ನೋಡಿಕೊಂಡು, "ನನ್ನ ಕೈಗುಣನೇ ಹಂಗೆ ಬಿಡು," ಎಂದಿರಿ. ಸ್ವಲ್ಪ ಹೊತ್ತಾದ ಮೇಲೆ, "ದಾವಣಗೆರೆಯಾಗೆ ಯಾರೋ ವಾಪಸ್ ತೆಗೆದುಕೊಡ್ತಾರಂತೆ, ಅವರಿಗೆ ತೋರಿಸಾನೇನು?" ಎಂದು ಕೇಳಿದಿರಿ. ನಾನೇ ನೋಡುತ್ತೇನೆ ಕೊಡಿ ಎಂದು ಜೇಬಿಗೆ ಹಾಕಿಕೊಂಡೆ.

ಏನೂ ಸಿಗಲಿಲ್ಲ ಎಂದು ಅದನ್ನು ವಾಪಸು ಕೊಡಲು ಬಂದ ದಿನವೇ ಹೊನ್ನಾಳಿ ಕಡೆಯ ಹಳ್ಳಿಯ ಅಜ್ಜಿಯೊಬ್ಬರು ಬಂದಿದ್ದರು. ಗಂಡ ತೀರಿಕೊಂಡಿದ್ದ, ತಿಥಿಗೆ ಇಡಲು ದೊಡ್ಡ ಫೋಟೋ ಬೇಕಿತ್ತು. ಅರ್ಜಿ ಬರೆಸಲು ಕಾದು ನಿಂತ ಜನರೆದುರಿಗೇ ನೀವು, "ನನ್ನ ತಪ್ಪವ್ವಾ, ನನ್ನ ಕೈಯಿಂದಾನೇ ಎಲ್ಲಾ ಹೋತು," ಎಂದು ಅವರ ಕೈ ಹಿಡಿದುಕೊಂಡಿರಿ. ಅವರ ಬಳಿಯಿದ್ದ ಗುರುತಿನ ಚೀಟಿಯ ಫೋಟೋವನ್ನೇ ದೊಡ್ಡದು ಮಾಡಿ ಕೊಟ್ಟಿರಿ. ಮುಖವೆಲ್ಲ ಕಪ್ಪಾಗಿ ಹರಡಿಕೊಂಡಿತ್ತು. ಅಜ್ಜಿ ಬಹಳ ಹೊತ್ತು ನೋಡಿ, "ಇವ್ರು ಯಾರವ್ವಾ?" ಎಂದರು. ಆದರೂ ಮಡಿಚದೆ ಸೆರಗಿನಲ್ಲಿ ಸುತ್ತಿಕೊಂಡು ಹೋದರು. ನಾನು ಅಲ್ಲೇ, ನೀಲಿ ಪರದೆಯ ಪಕ್ಕ ನಿಂತಿದ್ದೆ.

ಅಂದಿನಿಂದ ನೀವು ಫೋಟೋ ತೆಗೆಸಿಕೊಂಡವರಿಗೆಲ್ಲ ಒಂದು ಹೆಚ್ಚಿಗೆ ಕೊಡುತ್ತೀರಿ. "ಮನೆಯಾಗೆ ಇಟ್ಕಳ್ರಿ, ನನ್ನ ಕೈ ನಂಬಬ್ಯಾಡ್ರಿ," ಎನ್ನುತ್ತೀರಿ. ನಗುತ್ತಲೇ ಹೇಳುತ್ತೀರಿ, ಆದರೂ —

ಉಳಿದದ್ದನ್ನೂ ಹೇಳಬೇಕು. ಲಿನಕ್ಸ್ ಬರೆದುಕೊಂಡಿದ್ದು ಪೆನ್‌ಡ್ರೈವಿನ ಸ್ವಲ್ಪ ಜಾಗದಲ್ಲಿ ಮಾತ್ರ. ಮಿಕ್ಕದ್ದರಲ್ಲಿ ಫೋಟೋಗಳು ಕಣ್ಣಿಗೆ ಕಾಣದಿದ್ದರೂ ಹಾಗೇ ಇದ್ದವು. ಬಲ್ಲವರಿಗೆ ಕೊಟ್ಟಿದ್ದರೆ ಬಹಳಷ್ಟು ಹೊರಗೆ ಬರುತ್ತಿದ್ದವು. ಇದು ನನಗೆ ಆವತ್ತೇ ಗೊತ್ತಿತ್ತು. ಆದರೆ ತೆರೆದು ನೋಡಿದವರಿಗೆ ಮೊದಲು ಕಾಣುತ್ತಿದ್ದದ್ದು ಲಿನಕ್ಸ್ — ಯಾರ ಕೆಲಸವೆಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಅದಕ್ಕೇ ಜಗಳೂರಿನ ಮನೆಯಲ್ಲಿ ಕೂತು, ಒಂದು ಚೂರೂ ಉಳಿಯದಂತೆ ಇಡೀ ಪೆನ್‌ಡ್ರೈವಿನ ಮೇಲೆ ಬರೀ ಸೊನ್ನೆ ಬರೆಸಿದೆ. ಅಳಿಸಲೇ ಎಂದು ಅದು ಮತ್ತೆ ಕೇಳಿತು. ಈ ಸಲ ಪೂರ್ತಿ ಓದಿದೆ. ಓದಿಯೇ ಒತ್ತಿದೆ. ಆ ಅಜ್ಜಿಯ ಗಂಡ ಅಲ್ಲಿಯವರೆಗೂ ಅದರಲ್ಲಿದ್ದಿರಬೇಕು.

ಸೋಮವಾರ ಬರುತ್ತೇನೆ ಅತ್ತಿಗೆ, ಅಂಗಡಿಯಲ್ಲಿ ಜನ ತುಂಬಿರುವ ಹೊತ್ತಿಗೆ. ನೀವು ನಿಮ್ಮ ಕೈಯನ್ನು ಹಳಿದುಕೊಂಡದ್ದು ಅವರೆದುರಿಗೆ; ನಾನು ಮಾಡಿದ್ದನ್ನೂ ಅವರೆದುರಿಗೇ ಹೇಳುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ. ಆ ಅಜ್ಜಿಯ ಊರು ಯಾವುದೆಂದು ಮಾತ್ರ ಹೇಳಿ. ನಾನೊಬ್ಬನೇ ಹೋಗುತ್ತೇನೆ.