ಪರ್ಷಿಯಾದವನೂ ಪೋರ್ಚುಗೀಸನೂ ಮಾತು ಬಿಟ್ಟಿದ್ದು

ಬಾಗಲಗುಂಟೆಯ ನಮ್ಮ ಬಾಡಿಗೆ ರೂಮಿನಲ್ಲಿ ಮೂವರಿದ್ದೆವು: ನಾನು, ವಿಜಯಪುರದವನೊಬ್ಬ, ಮಂಡ್ಯದವನೊಬ್ಬ. ಮೂವರಿಗೂ ಪೀಣ್ಯದ ಒಂದೇ ಕಾರ್ಖಾನೆಯಲ್ಲಿ ಕೆಲಸ. ವಿಜಯಪುರದವನು ಊರಿಂದ ತಂದಿಟ್ಟಿದ್ದ ಜೋಳದ ಕಡಕ್ ರೊಟ್ಟಿಯ ಗಂಟನ್ನು ಮಂಡ್ಯದವನು, ಒಣಗಿ ಹಾಳಾಗಿವೆ ಎಂದುಕೊಂಡು, ಮನೆ ಓನರ್ ಹಸುವಿಗೆ ಹಾಕಿಬಿಟ್ಟ. ತಿಂಗಳುಗಟ್ಟಲೆ ಇಟ್ಟು ತಿನ್ನಲೆಂದೇ ಅವನ್ನು ಅಷ್ಟು ಗಟ್ಟಿ ಮಾಡುತ್ತಾರೆಂದು ಮುದ್ದೆ ತಿಂದು ಬೆಳೆದವನಿಗೆ ಏನು ಗೊತ್ತು? ಹಸು ಮಾತ್ರ ಚಪ್ಪರಿಸಿ ತಿಂದಿತು.

ಅಂದಿನಿಂದ ಇಬ್ಬರೂ ಮಾತು ಬಿಟ್ಟರು. ನಡುವೆ ಸಿಕ್ಕಿಬಿದ್ದವನು ನಾನು. ‘ಗ್ಯಾಸ್ ಮುಗದೈತಿ ಅಂತ ಅವಂಗ ಹೇಳು’ ಎಂದು ಇವನು. ‘ನಾನೇನು ಕಿವುಡ್ನಾ ಕೇಳು’ ಎಂದು ಅವನು. ಕೊನೆಗೆ ವಿಜಯಪುರದವನು ಬೇರೆ ರೂಮು ಹುಡುಕತೊಡಗಿದ. ನನಗೆ ತಲೆ ಕೆಟ್ಟುಹೋಯಿತು. ಇಬ್ಬರೂ ನನಗೆ ಬೇಕಾದವರು.

ಅಷ್ಟರಲ್ಲಿ ಕಾರ್ಖಾನೆಯ ರಾಜ್ಯೋತ್ಸವಕ್ಕೆ ನಾಟಕ ಬರೆಯುವ ಕೆಲಸ ನನ್ನ ಹೆಗಲಿಗೆ ಬಿತ್ತು. ಹಳೆಯ ಕಾಲದ ಇಬ್ಬರು ಹೆಸರಾಂತ ಪ್ರವಾಸಿಗಳು, ಒಬ್ಬ ಪರ್ಷಿಯಾದವನು, ಒಬ್ಬ ಪೋರ್ಚುಗೀಸ, ಹಂಪಿಯ ಬಜಾರಿನಲ್ಲಿ ಎದುರಾಗಿ ಗೆಳೆಯರಾಗುವ ಕಥೆ ಹೊಸೆದೆ. ಪಾತ್ರಗಳನ್ನು ನನ್ನ ರೂಮಿನ ಇವರಿಬ್ಬರ ಕೊರಳಿಗೇ ಕಟ್ಟಿದೆ.

ಇತಿಹಾಸ ಓದಿದ್ದ ಸೂಪರ್‌ವೈಸರ್ ತಗಾದೆ ತೆಗೆದರು. ‘ಒಬ್ಬ ಬಂದುಹೋದ ಎಷ್ಟೋ ವರ್ಷಕ್ಕೆ ಇನ್ನೊಬ್ಬ ಬಂದಿದ್ದು ಕಣ್ರೀ. ಅವರಿಬ್ರು ಹೆಂಗ್ರೀ ಮಾತಾಡ್ತಾರೆ?’

‘ಒಂದೇ ರೂಮಲ್ಲಿರೋರೇ ಮಾತಾಡ್ತಿಲ್ಲ ಸಾರ್. ಸತ್ತೋರಾದ್ರೂ ಮಾತಾಡ್ಲಿ ಬಿಡಿ,’ ಎಂದೆ.

ತಾಲೀಮಿನಲ್ಲಿ ಇಬ್ಬರೂ ನನ್ನ ಮುಖ ನೋಡಿಕೊಂಡೇ ಮಾತು ಒಪ್ಪಿಸಿದರು. ಹಂಪಿಯ ಬಜಾರಿನಲ್ಲೂ ನಾನೇ ದಲ್ಲಾಳಿ.

ನಾಟಕದ ದಿನ ಮಂಡ್ಯದ ಪರ್ಷಿಯನ್, ತಲೆಗೆ ನಮ್ಮ ರೂಮಿನ ಬೆಡ್‌ಶೀಟ್ ಸುತ್ತಿಕೊಂಡು, ನಾನು ಬರೆದಂತೆಯೇ ಕೇಳಿದ: ‘ಮಿತ್ರನೇ, ಪರದೇಶದಲ್ಲಿ ನಿನಗೆ ಯಾವುದು ನೆನಪಾಗುತ್ತದೆ?’

‘ನಮ್ಮ ಸಮುದ್ರ’ ಎನ್ನಬೇಕಿತ್ತು ಪೋರ್ಚುಗೀಸ. ಪರದೆಯ ಸಂದಿಯಿಂದ ನಾನು ‘ಸಮುದ್ರ, ಸಮುದ್ರ’ ಎಂದು ಪಿಸುಗುಟ್ಟಿದೆ.

‘ನಮ್ಮವ್ವ ಬಡದ ರೊಟ್ಟಿ,’ ಎಂದ. ಸಭೆ ಗೊಳ್ಳೆಂದಿತು. ಅವನು ನಗಲಿಲ್ಲ. ‘ಅವು ಆಕಿ ಬಡದ ಕಡೀ ರೊಟ್ಟಿ. ಈಗ ಆಕಿ ಬಲಗೈ ಏಳಂಗಿಲ್ಲ.’

ಇದು ನಮಗಿಬ್ಬರಿಗೂ ಗೊತ್ತಿರಲಿಲ್ಲ. ಪರ್ಷಿಯನ್ ಅಂಟಿಸಿಕೊಂಡಿದ್ದ ಗಡ್ಡ ಕಿತ್ತು ಕೈಯಲ್ಲಿ ಹಿಡಿದ.

‘ಯಾಕ್ಲಾ ಯೋಳ್ಲಿಲ್ಲ? ನಡಿ, ಓಗಿ ನೋಡ್ಕಂಡ್ ಬರಾವ.’

‘ನಾಟಕ ಮುಗೀಲಿ ತಡಿಯೋ,’ ಎಂದ ಪೋರ್ಚುಗೀಸ, ಅವನ ಮುಖವನ್ನೇ ನೋಡುತ್ತಾ.

ಮುಂದಿನ ಮಾತು ಹೇಳಿಕೊಡಬೇಕಾಗಿದ್ದ ನಾನು ಪರದೆಯ ಹಿಂದೆ ಅಳುತ್ತಾ ನಿಂತಿದ್ದೆ.